ಸರ್ವೇಯರ್ ಇಲ್ಲದ ಊರಿನಲ್ಲಿ ಬದುವಿನ ಜಗಳ

ಪ್ರಶ್ನೆ: ವಿಜಯಪುರದಲ್ಲಿ ರಾಜ್ಯಶಾಸ್ತ್ರ ಎಂ.ಎ. ಓದುತ್ತಿದ್ದೇನೆ, ಜೊತೆಗೆ ನಾಗರಿಕ ಸೇವೆ ಪರೀಕ್ಷೆಗೂ ತಯಾರಿ ನಡೆದಿದೆ. ಅಂತರರಾಷ್ಟ್ರೀಯ ಸಂಬಂಧಗಳ ಸಿದ್ಧಾಂತಗಳಾದ ವಾಸ್ತವವಾದ, ಉದಾರವಾದ, ರಚನಾವಾದ ಮೂರರ ವ್ಯಾಖ್ಯೆಯೂ ಬಾಯಿಪಾಠ ಅದಾವ ಸರ್. ಆದರೆ ‘ಭಾರತ–ಚೀನಾ ಸಂಬಂಧವನ್ನು ವಿಶ್ಲೇಷಿಸಿ’ ಅಂದ ಕೂಡಲೇ ಪೆನ್ನು ನಿಂತುಬಿಡತದ. ಕೊನೆಗೆ ‘ಎಲ್ಲ ದೇಶಗಳೂ ತಮ್ಮ ಹಿತಾಸಕ್ತಿ ನೋಡಿಕೊಳ್ಳುತ್ತವೆ’ ಎಂದು ಬರೆದು ಮುಗಿಸುತ್ತೇನೆ, ಅಂಕ ಬರುವುದಿಲ್ಲ. ವಿಶ್ವಸಂಸ್ಥೆ ಇದ್ದ ಮೇಲೂ ಜಗತ್ತಿನಲ್ಲಿ ಅರಾಜಕತೆ ಇದೆ ಅನ್ನುವುದು ಹೆಂಗ? ಈ ಮೂರರೊಳಗ ಖರೇ ಯಾವುದು?

ಉತ್ತರ: ನೀವು ಬರೆದು ಮುಗಿಸುವ ಆ ವಾಕ್ಯದಿಂದಲೇ ಶುರು ಮಾಡೋಣ, ಅಂಕ ಸೋರಿಹೋಗುತ್ತಿರುವುದು ಅಲ್ಲೇ. ‘ಎಲ್ಲ ದೇಶಗಳೂ ತಮ್ಮ ಹಿತಾಸಕ್ತಿ ನೋಡಿಕೊಳ್ಳುತ್ತವೆ’ ಎಂಬುದು ಯುದ್ಧವಾದರೂ ಒಪ್ಪುತ್ತದೆ, ಸಂಧಿಯಾದರೂ ಒಪ್ಪುತ್ತದೆ, ಏನೂ ಆಗದೆ ಸುಮ್ಮನಿದ್ದರೂ ಒಪ್ಪುತ್ತದೆ. ಎಲ್ಲ ಬೀಗಕ್ಕೂ ಕೂಡುವ ಕೀಲಿಯ ಮೇಲೆ ಯಾರೂ ಮನೆ ಬಿಟ್ಟು ಹೋಗುವುದಿಲ್ಲ. ಸಿದ್ಧಾಂತ ಕೆಲಸಕ್ಕೆ ಬರುವುದು ‘ನನ್ನ ಮಾತು ನಿಜವಾದರೆ ಇಂಥದ್ದು ನಡೆಯಬಾರದು’ ಎಂದು ಅದು ಮೊದಲೇ ಹೇಳಿದಾಗ.

ಎರಡನೆಯ ತೊಡಕು ಪದದ್ದು. ಪತ್ರಿಕೆಯ ಕನ್ನಡದಲ್ಲಿ ಅರಾಜಕತೆ ಅಂದರೆ ದೊಂಬಿ, ಗದ್ದಲ, ಕಲ್ಲುತೂರಾಟ. ಈ ಶಾಸ್ತ್ರದಲ್ಲಿ ಪದವನ್ನು ಬಿಡಿಸಿ ಓದಬೇಕು: ಅ-ರಾಜಕ, ಮೇಲೆ ರಾಜನಿಲ್ಲದ್ದು. ಅಷ್ಟೇ. ರಾಜನಿಲ್ಲದ ಕಡೆ ಶಾಂತಿಯೂ ಇರಬಹುದು, ಬಹುಪಾಲು ದಿನ ಇರುತ್ತದೆ ಕೂಡ. ಆದರೆ ಶಾಂತಿ ಕೆಟ್ಟಾಗ ಓಡಿಹೋಗಿ ಬಾಗಿಲು ಬಡಿಯಲು ಒಂದು ಮನೆ ಇರುವುದಿಲ್ಲ.

ನಿಮ್ಮ ಕಡೆ ಪಕ್ಕದ ಹೊಲದವನು ಬದು ಒತ್ತಿದರೆ ಏನು ಮಾಡುತ್ತಾರೆ? ಹದ್ದುಬಸ್ತಿಗೆ ಅರ್ಜಿ ಕೊಡುತ್ತಾರೆ. ಸರ್ವೇಯರ್ ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟು, ಅಳತೆ ಮಾಡಿ, ಕಲ್ಲು ನೆಡಿಸುತ್ತಾನೆ. ಒಪ್ಪದವನು ಮೇಲ್ಮನವಿ ಹಾಕುತ್ತಾನೆ, ಕೋರ್ಟಿಗೆ ಹೋಗುತ್ತಾನೆ. ಕಲ್ಲು ಕಿತ್ತರೆ ಪೊಲೀಸರಿದ್ದಾರೆ. ಈಗ ಸರ್ವೇಯರ್, ತಹಶೀಲ್ದಾರ್, ಪೊಲೀಸ್ ಯಾರೂ ಇಲ್ಲದ ಒಂದು ಊರನ್ನು ಊಹಿಸಿ. ಅಲ್ಲಿ ಜಗಳಗಂಟನಲ್ಲದ ರೈತನೂ ಮನೆಯಲ್ಲಿ ಒಂದು ಬಡಿಗೆ ಇಟ್ಟುಕೊಳ್ಳುತ್ತಾನೆ. ಬದುವಿನ ಆಚೆಯವನ ಆಚೆಯವನ ಜೊತೆ ಬೀಗತನ ಬೆಳೆಸುತ್ತಾನೆ. ಇವನ ಬಡಿಗೆ ನೋಡಿ ಪಕ್ಕದವನು ಕೊಡಲಿ ತರುತ್ತಾನೆ, ಕೊಡಲಿ ನೋಡಿ ಇವನು ಇನ್ನೊಂದು ತರುತ್ತಾನೆ. ಇಬ್ಬರೂ ರಕ್ಷಣೆಗೆಂದೇ ತಂದದ್ದು, ಇಬ್ಬರ ನಿದ್ದೆಯೂ ಕೆಟ್ಟಿತು. ಭದ್ರತಾ ಸಂದಿಗ್ಧ ಎಂದು ಪುಸ್ತಕದಲ್ಲಿ ಓದಿದ್ದು ಇದನ್ನೇ. 1962ರ ಯುದ್ಧವಾಯಿತು, 1964ರಲ್ಲಿ ಚೀನಾ ಅಣುಪರೀಕ್ಷೆ ಮಾಡಿತು, 1974ರಲ್ಲಿ ಭಾರತ. 1998ರ ಮೇ 11 ಮತ್ತು 13ರಂದು ಭಾರತ ಮತ್ತೆ ಮಾಡಿದಾಗ, ಅದೇ ತಿಂಗಳ 28ಕ್ಕೆ ಪಾಕಿಸ್ತಾನದ ಉತ್ತರ ಬಂತು. 1974ರದ್ದನ್ನು ಭಾರತ ಶಾಂತಿಯುತ ಸ್ಫೋಟ ಎಂದು ಕರೆಯಿತು, ಉಳಿದಂತೆ ಮೂವರೂ ಹೇಳಿದ್ದು ರಕ್ಷಣೆಗೆ ಎಂದೇ.

ವಿಶ್ವಸಂಸ್ಥೆ ಆ ಊರಿನ ಸರ್ವೇಯರ್ ಆಗಲಾರದು. ಭದ್ರತಾ ಮಂಡಳಿಯಲ್ಲಿ ಐವರಿಗೆ ವೀಟೊ ಇದೆ, ಆ ಐವರಲ್ಲೇ ಒಬ್ಬ ಬದು ಒತ್ತಿದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ವ್ಯಾಜ್ಯ ಹೋಗಬೇಕಾದರೆ ಎರಡೂ ಕಡೆಯವರು ಮೊದಲೇ ಯಾವುದಾದರೊಂದು ರೀತಿಯಲ್ಲಿ ಅದರ ಅಧಿಕಾರ ಒಪ್ಪಿರಬೇಕು. 1994ರಲ್ಲಿ ಬುಡಾಪೆಸ್ಟ್‌ನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಮೂವರೂ ಉಕ್ರೇನಿನ ಗಡಿಯನ್ನು ಗೌರವಿಸುತ್ತೇವೆ ಎಂದು ಬರೆದುಕೊಟ್ಟರು. ಉಕ್ರೇನ್ ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಟ್ಟಿತು. 2014ರಲ್ಲಿ ಕ್ರಿಮಿಯಾ ಹೋದಾಗ ಆ ಕಾಗದವನ್ನು ಜಾರಿ ಮಾಡಿಸುವ ಕಚೇರಿ ಎಲ್ಲೂ ಇರಲಿಲ್ಲ.

ಮೇಲೆ ಒಬ್ಬರು ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಫರಕು ಎಂಬುದನ್ನು ಎರಡು ನದಿಗಳಲ್ಲಿ ನೋಡಬಹುದು. ಬೇಸಿಗೆಯಲ್ಲಿ ಕೃಷ್ಣೆ ಬತ್ತಿದಾಗ ಕೋಯ್ನಾದಿಂದ ನೀರು ಬಿಡಿ ಎಂದು ಬೆಳಗಾವಿ ಕಡೆಯವರು ಕೇಳುತ್ತಾರೆ. ಮಳೆಗಾಲದಲ್ಲಿ ಆಲಮಟ್ಟಿಯ ಗೇಟು ತೆಗೆಯಿರಿ ಎಂದು ಸಾಂಗಲಿ, ಕೊಲ್ಹಾಪುರದವರು ಕೇಳುತ್ತಾರೆ. ಪರಸ್ಪರ ಅವಲಂಬನೆಗೆ ಇದಕ್ಕಿಂತ ಚೊಕ್ಕ ಉದಾಹರಣೆ ಯಾವ ಪಠ್ಯದಲ್ಲೂ ಸಿಗಲಿಕ್ಕಿಲ್ಲ: ಯಾರು ಯಾರ ಕೈಯಲ್ಲಿ ಎಂಬುದು ಋತು ತಿರುಗಿದಂತೆ ತಿರುಗುತ್ತದೆ. ಆಲಮಟ್ಟಿಯ ಮಟ್ಟ 519.6 ಮೀಟರೋ 524.256 ಮೀಟರೋ ಎಂಬ ಜಗಳ ಎಷ್ಟೇ ಕಾವೇರಿದರೂ ಕರ್ನಾಟಕವಾಗಲಿ ಮಹಾರಾಷ್ಟ್ರವಾಗಲಿ ಸೈನ್ಯ ಕಟ್ಟುವುದಿಲ್ಲ. 1956ರ ಅಂತರರಾಜ್ಯ ನದಿ ವಿವಾದ ಕಾಯ್ದೆ ಇದೆ, ಬಚಾವತ್ ನ್ಯಾಯಮಂಡಳಿ 1973ರಲ್ಲಿ ಪಾಲು ಹಂಚಿತು, 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಮತ್ತೆ ಹಂಚಿತು, ಸುಪ್ರೀಂ ಕೋರ್ಟ್ ಮೇಲೆ ಕೂತಿದೆ. ತಡವಾಗುತ್ತದೆ, ಸಿಟ್ಟು ಬರುತ್ತದೆ, ಆದರೆ ಸಿಟ್ಟು ಹೋಗುವುದು ವಕೀಲರ ಕಡೆಗೆ.

ಸಿಂಧೂ ನದಿಗೆ ಅಂಥ ಮೇಲಿನವರಿಲ್ಲ. 1960ರಲ್ಲಿ ವಿಶ್ವಬ್ಯಾಂಕ್ ನಡುವೆ ನಿಂತು ರಾವಿ, ಬಿಯಾಸ್, ಸಟ್ಲೆಜ್ ಭಾರತಕ್ಕೆ, ಸಿಂಧೂ, ಝೇಲಂ, ಚಿನಾಬ್ ಪಾಕಿಸ್ತಾನಕ್ಕೆ ಎಂದು ಒಪ್ಪಂದ ಮಾಡಿಸಿತು. 1965, 1971, 1999ರ ಕಾಳಗಗಳ ನಡುವೆಯೂ ಆ ಒಪ್ಪಂದ ಉಳಿಯಿತು. ಸಂಸ್ಥೆ ಮತ್ತು ನಿಯಮಗಳು ರಾಜನಿಲ್ಲದೆಯೂ ಸಹಕಾರವನ್ನು ಉಳಿಸಬಲ್ಲವು ಎನ್ನುವ ಉದಾರವಾದಿಗಳಿಗೆ ಅದು ಅಚ್ಚುಮೆಚ್ಚಿನ ಸಾಕ್ಷಿಯಾಗಿತ್ತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಮರುದಿನವೇ ಭಾರತ ಅದನ್ನು ಅಮಾನತಿನಲ್ಲಿಟ್ಟಿತು. ಈಗ ಬಲವೇ ಕೊನೆಯ ಮಾತು ಅನ್ನುವ ವಾಸ್ತವವಾದಿ ‘ನೋಡಿದಿರಾ’ ಅನ್ನುತ್ತಾನೆ. ಆದರೆ ಅವನೂ ಒಂದು ಉತ್ತರ ಕೊಡಬೇಕು: ಮೇಲ್ದಂಡೆಯ ಬಲಿಷ್ಠ ದೇಶ ಅರವತ್ತೈದು ವರ್ಷ ಯಾಕೆ ಕಾಯಿತು? ‘ಹಿತಾಸಕ್ತಿ’ ಎಂಬ ಒಂದೇ ಪದಕ್ಕೆ ಈ ಪ್ರಶ್ನೆ ಬಗ್ಗುವುದಿಲ್ಲ.

ಮೂರು ವಾದಗಳ ವ್ಯಾಖ್ಯೆ ನಿಮಗೆ ಗೊತ್ತಿರುವುದರಿಂದ ಅವು ಮೊದಲು ಎತ್ತ ನೋಡು ಅನ್ನುತ್ತವೆ ಎಂಬುದನ್ನಷ್ಟೇ ಹೇಳುತ್ತೇನೆ. ವಾಸ್ತವವಾದ ಬಲವನ್ನು ಎಣಿಸು ಅನ್ನುತ್ತದೆ: ಸೈನ್ಯ, ಖಜಾನೆ, ನೆಲ, ದೂರ. 1979ರಲ್ಲಿ ಕೆನೆತ್ ವಾಲ್ಟ್ಜ್ ಇದನ್ನು ಬಿಗಿ ಮಾಡಿ, ರಾಜನ ಸ್ವಭಾವ ಏನೇ ಇರಲಿ, ಮೇಲೆ ಯಾರೂ ಇಲ್ಲದ ವ್ಯವಸ್ಥೆಯೇ ದೇಶಗಳನ್ನು ಬಲ ಸಮತೋಲನದ ಕಡೆಗೆ, ಅಂದರೆ ಬಲಿತವನ ಎದುರು ತೂಕ ಸರಿಗಟ್ಟುವ ಕಡೆಗೆ, ನೂಕುತ್ತದೆ ಎಂದರು. ಸ್ಟೀಫನ್ ವಾಲ್ಟ್ ತಿದ್ದುಪಡಿ ಮಾಡಿದರು: ದೇಶಗಳು ಸೆಟೆದು ನಿಲ್ಲುವುದು ಬಲದ ವಿರುದ್ಧವಲ್ಲ, ಬೆದರಿಕೆಯ ವಿರುದ್ಧ. ಬೆದರಿಕೆಯಲ್ಲಿ ಬಲದ ಜೊತೆಗೆ ದೂರ, ಆಕ್ರಮಣದ ಸಾಮರ್ಥ್ಯ, ಉದ್ದೇಶ ಮೂರೂ ಸೇರುತ್ತವೆ. ಪರೀಕ್ಷೆಯಲ್ಲಿ ಈ ತಿದ್ದುಪಡಿ ಬಹಳ ಉಪಯೋಗಕ್ಕೆ ಬರುತ್ತದೆ, ಹೆಚ್ಚಿನವರು ಬರೆಯುವುದೇ ಇಲ್ಲ. ಉದಾರವಾದ ವ್ಯಾಪಾರ, ಒಪ್ಪಂದ, ಒಳಗಿನ ಆಡಳಿತ ಪದ್ಧತಿ ನೋಡು ಅನ್ನುತ್ತದೆ. ರಚನಾವಾದ ಅವರು ಒಬ್ಬರನ್ನೊಬ್ಬರು ಏನೆಂದು ಕರೆಯುತ್ತಾರೆ ನೋಡು ಅನ್ನುತ್ತದೆ. ಅಲೆಕ್ಸಾಂಡರ್ ವೆಂಟ್ ಕೊಟ್ಟ ಉದಾಹರಣೆ ನೆನಪಿಡಿ: ಬ್ರಿಟನ್ನಿನ 500 ಅಣ್ವಸ್ತ್ರಗಳಿಗಿಂತ ಉತ್ತರ ಕೊರಿಯಾದ 5 ಅಮೆರಿಕಕ್ಕೆ ಹೆಚ್ಚು ಭಯ ಹುಟ್ಟಿಸುತ್ತವೆ. ಎಣಿಕೆ ಮಾತ್ರ ಸಾಕಾಗಿದ್ದರೆ ಭಯ ತಿರುಗುಮುರುಗು ಇರಬೇಕಿತ್ತು.

ಇನ್ನು ಪ್ರಯೋಗ. ದೆಹಲಿ–ಬೀಜಿಂಗ್‌ವರೆಗೆ ಹೋಗುವ ಮೊದಲು ನಿಮ್ಮ ಜಿಲ್ಲೆಯಲ್ಲೇ ಕೈ ಪಳಗಿಸಿಕೊಳ್ಳಿ. 1565ರ ಜನವರಿಯಲ್ಲಿ ಕೃಷ್ಣೆಯ ದಂಡೆಯ ರಕ್ಕಸಗಿ–ತಂಗಡಗಿ ಬಳಿ ನಡೆದು ತಾಳಿಕೋಟೆಯ ಹೆಸರು ಹೊತ್ತ ಯುದ್ಧ. ವಿಜಯಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೀದರ್ ಸೇರಿ ವಿಜಯನಗರದ ಅಳಿಯ ರಾಮರಾಯನನ್ನು ಸೋಲಿಸಿದವು. ‘ಯಾಕೆ?’ ಅಂದರೆ ಶಾಲೆಯಲ್ಲಿ ಕಲಿತ ಉತ್ತರ ಧರ್ಮ.

ಹಂತ ಒಂದು, ಪ್ರಶ್ನೆಯನ್ನು ಒಗಟು ಮಾಡಿ. ‘ಸುಲ್ತಾನರು ಯಾಕೆ ಒಂದಾದರು?’ ಎಂಬುದು ಸಡಿಲ ಪ್ರಶ್ನೆ. ಅದರ ಹಿಂದಿನ ದಶಕಗಳಲ್ಲಿ ಒಬ್ಬರ ಕೋಟೆ ಒಬ್ಬರು ಕಿತ್ತುಕೊಳ್ಳುತ್ತಿದ್ದ ಈ ಸುಲ್ತಾನರು, ಅದಕ್ಕಾಗಿ ರಾಮರಾಯನ ಸಹಾಯವನ್ನೂ ಪಡೆಯುತ್ತಿದ್ದವರು, 1564ರ ಹೊತ್ತಿಗೆ ಯಾಕೆ ಒಂದಾದರು? ಈಗ ಪ್ರಶ್ನೆಗೆ ಹಲ್ಲು ಬಂತು.

ಹಂತ ಎರಡು, ಪ್ರತಿ ವಾದವೂ ಏನನ್ನು ನಿರೀಕ್ಷಿಸುತ್ತದೆ ಎಂದು ಸಾಕ್ಷಿ ನೋಡುವ ಮೊದಲೇ ಬರೆದುಕೊಳ್ಳಿ. ಧರ್ಮವೇ ಮುಖ್ಯವಾಗಿದ್ದರೆ ಸುಲ್ತಾನರು ಯುದ್ಧಕ್ಕೆ ಮುಂಚೆಯೂ ಜೊತೆಗಿರಬೇಕು, ನಂತರವೂ ಜೊತೆಗಿರಬೇಕು. ಬಲ ಸಮತೋಲನ ಮುಖ್ಯವಾಗಿದ್ದರೆ ರಾಮರಾಯ ಎಲ್ಲರಿಗಿಂತ ಬೆಳೆದ ಮೇಲೆ ಒಂದಾಗಬೇಕು, ಅವನು ಬಿದ್ದ ಕೂಡಲೇ ಒಡೆಯಬೇಕು.

ಹಂತ ಮೂರು, ಈಗ ಸಾಕ್ಷಿ. ಮೊದಲು ಅಹ್ಮದ್‌ನಗರದ ಜೊತೆ ಸೇರಿ ವಿಜಯಪುರವನ್ನು ಹಣಿದವನು ರಾಮರಾಯ. ಆಮೇಲೆ ವಿಜಯಪುರದ ಅಲಿ ಆದಿಲ್ ಶಾಹನೇ ಅವನ ನೆರವು ಪಡೆದು ಅಹ್ಮದ್‌ನಗರದ ಮೇಲೆ ಹೋದ. ಯಾರ ತಟ್ಟೆ ಭಾರವಾಗುತ್ತದೋ ಅದರ ಎದುರು ತಟ್ಟೆಯಲ್ಲಿ ಕೂರುವುದು ರಾಮರಾಯನ ಪಟ್ಟು. ಹೀಗೆ ಕೂತು ಕೂತು ಕೊನೆಗೆ ಅವನ ತಟ್ಟೆಯೇ ಭಾರವಾಯಿತು. ಮೈತ್ರಿ ಬೆಸೆದ ಬಗೆ ಇನ್ನೂ ಸ್ವಾರಸ್ಯದ್ದು: ಹುಸೇನ್ ನಿಜಾಮ್ ಶಾಹನ ಮಗಳು ಚಾಂದಬೀಬಿ ವಿಜಯಪುರದ ಸೊಸೆಯಾದಳು, ಬಳುವಳಿಯಾಗಿ ಸೊಲ್ಲಾಪುರದ ಕೋಟೆ ಬಂತು. ಅಲಿಯ ಸಹೋದರಿಯನ್ನು ಹುಸೇನನ ಮಗ ಮುರ್ತಜಾನಿಗೆ ಕೊಟ್ಟರು. ಎರಡೂ ಮನೆಗಳು ಹಲವು ಬಾರಿ ಕಾದಾಡಿದ್ದೇ ಸೊಲ್ಲಾಪುರಕ್ಕಾಗಿ. ಧರ್ಮದ ನಂಟು ಒಂದೇ ಸಾಕಾಗಿದ್ದರೆ ಈ ಕೋಟೆ ಕೊಟ್ಟು ನಂಬಿಸುವ ಅಗತ್ಯ ಬೀಳುತ್ತಿರಲಿಲ್ಲ. ರಾಜನಿಲ್ಲದ ಕಡೆ ಮಾತಿಗೆ ಜಾಮೀನು ಕೊಡಬೇಕಾಗುತ್ತದೆ, ಅದು ಬೆಲೆಬಾಳುವಂಥದ್ದೇ ಆಗಿರಬೇಕು. ಐದನೆಯ ಸುಲ್ತಾನಿ ರಾಜ್ಯ ಬೇರಾರ್ ಅಹ್ಮದ್‌ನಗರದ ಮೇಲಿನ ಸಿಟ್ಟಿಗೆ ಯುದ್ಧಕ್ಕೇ ಬರಲಿಲ್ಲ, ಧರ್ಮದ ಉತ್ತರಕ್ಕೆ ಅದು ಇನ್ನೊಂದು ಪೆಟ್ಟು. ಗೆದ್ದ ಮೇಲೆ ಹತ್ತು ವರ್ಷ ಕಳೆಯುವುದರೊಳಗೆ, 1574ರಲ್ಲಿ, ಅಹ್ಮದ್‌ನಗರ ಬೇರಾರನ್ನು ನುಂಗಿತು. 1619ರಲ್ಲಿ ವಿಜಯಪುರ ತನ್ನ ಹಳೆಯ ಜೊತೆಗಾರ ಬೀದರನ್ನು ನುಂಗಿತು.

ಹಂತ ನಾಲ್ಕು, ಬಹಳ ಮಂದಿ ಬಿಟ್ಟುಬಿಡುವುದು ಇದನ್ನೇ: ಗೆದ್ದ ವಾದ ಎಲ್ಲಿ ಸೋತಿತು ಎಂದೂ ಬರೆಯಿರಿ. ಬಲ ಸಮತೋಲನ ‘ಒಂದಾಗುತ್ತಾರೆ’ ಎಂದು ಹೇಳಿತೇ ಹೊರತು ‘ಈಗಲೇ ಒಂದಾಗುತ್ತಾರೆ’ ಎಂದು ಹೇಳಲಾರದು. ರಾಮರಾಯನ ಬಲ ಒಂದೇ ರಾತ್ರಿಯಲ್ಲಿ ಬೆಳೆದದ್ದಲ್ಲ. ಅವನ ಸೈನ್ಯ ಅಹ್ಮದ್‌ನಗರದಲ್ಲಿ ಮಸೀದಿಗಳಿಗೆ ಮಾಡಿದ ಅವಮಾನ, ಸುಲ್ತಾನರ ರಾಯಭಾರಿಗಳನ್ನು ಅವನು ಕೀಳಾಗಿ ಕಂಡದ್ದು ಫೆರಿಸ್ತಾನಂಥ ಬರಹಗಾರರಲ್ಲಿ ದೊಡ್ಡದಾಗಿ ಬರುತ್ತದೆ. ಆ ಬರಹಗಾರ ವಿಜಯಪುರದ ದರ್ಬಾರಿನ ಆಶ್ರಯದಲ್ಲಿ ಬರೆದವನು, ಹಾಗಾಗಿ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. ಆದರೂ ಅವಮಾನ, ಧರ್ಮದ ಮಾತು ಇವೇ ಹಳೆಯ ವೈರಿಗಳನ್ನು ಒಂದೇ ಡೇರೆಗೆ ತರಲು ಭಾಷೆಯಾದವು. ಇಲ್ಲಿ ರಚನಾವಾದಕ್ಕೆ ಜಾಗ ಇದೆ, ಆದರೆ ಎಷ್ಟಿದೆಯೋ ಅಷ್ಟೇ.

ಇದೇ ಕಥೆಯ ಮುಂದಿನ ಭಾಗ ಗೋಳಗುಮ್ಮಟದಲ್ಲಿ ಮಲಗಿದೆ. ಮುಹಮ್ಮದ್ ಆದಿಲ್ ಶಾಹ 1636ರಲ್ಲಿ ಷಾಜಹಾನನ ಮೇಲಧಿಕಾರ ಒಪ್ಪಿ ಕಾಣಿಕೆ ಸಲ್ಲಿಸಿದ, ಅಳಿದ ಅಹ್ಮದ್‌ನಗರದ ನೆಲದಲ್ಲಿ ಪಾಲು ಪಡೆದ. ಬಲಿಷ್ಠನ ಎದುರು ನಿಲ್ಲದೆ ಅವನ ಬೆನ್ನಿಗೆ ಬೀಳುವ ತಂತ್ರ ಇದು. ಉತ್ತರದ ಗಡಿ ತಣ್ಣಗಾದ್ದರಿಂದ ಸೈನ್ಯ ದಕ್ಷಿಣಕ್ಕೆ ತಿರುಗಿ ಬೆಂಗಳೂರಿನವರೆಗೂ ಹೋಯಿತು. ಒಬ್ಬನ ಜೊತೆ ಸಂಧಿ, ಇನ್ನೊಬ್ಬನ ಜೊತೆ ವಿಗ್ರಹ, ಅಂದರೆ ಯುದ್ಧ: ಕೌಟಿಲ್ಯ ಹೇಳುವ ವಿದೇಶನೀತಿಯ ಆರು ಗುಣಗಳಲ್ಲಿ ಇದಕ್ಕೆ ದ್ವೈಧೀಭಾವ ಎಂದು ಹೆಸರು. ಲಾಭ ಕಣ್ಣಿಗೆ ಕಾಣುವಂಥದ್ದು. ಆದರೆ ಮೊಗಲರಿಗೂ ತನಗೂ ನಡುವೆ ಗೋಡೆಯಂತಿದ್ದ ಅಹ್ಮದ್‌ನಗರವನ್ನು ಅವರ ಜೊತೆಯೇ ಹಂಚಿಕೊಂಡು ತಿಂದದ್ದರಿಂದ ಮೊಗಲರೇ ನೆರೆಯವರಾದರು. 1686ರಲ್ಲಿ ಔರಂಗಜೇಬ್ ವಿಜಯಪುರವನ್ನು ತೆಗೆದುಕೊಂಡ. ಅದೇ ಕೌಟಿಲ್ಯನ ಮಂಡಲ ಸಿದ್ಧಾಂತದಲ್ಲಿ ನೆರೆಯವನು ಅರಿ, ಅವನಾಚೆಯವನು ಮಿತ್ರ. ನಡುವಿನ ಅರಿಯನ್ನು ಅಳಿಸಿದರೆ ಆಚೆಯ ಮಿತ್ರನೇ ಅರಿಯ ಜಾಗಕ್ಕೆ ಸರಿದು ಬರುತ್ತಾನೆ ಎಂಬುದನ್ನು ಉತ್ತರದಲ್ಲಿ ಬರೆದರೆ, ನೀವು ಸೂತ್ರ ಉರು ಹೊಡೆದಿಲ್ಲ, ಅರ್ಥ ಮಾಡಿಕೊಂಡಿದ್ದೀರಿ ಎಂದು ಮೌಲ್ಯಮಾಪಕರಿಗೆ ಗೊತ್ತಾಗುತ್ತದೆ.

ಇಷ್ಟು ಪಳಗಿದ ಮೇಲೆ ಲಡಾಖಿನ ಗಾಲ್ವಾನ್ ಕಣಿವೆಗೆ ಬನ್ನಿ. ‘ಭಾರತ–ಚೀನಾ ಸಂಬಂಧ’ ಎಂಬುದು ಪ್ರಶ್ನೆಯೇ ಅಲ್ಲ, ಒಂದು ಗೋಣಿಚೀಲ. ಅದರಿಂದ ಒಂದು ಕಾಳು ಹೆಕ್ಕಿ: 2020ರ ಜೂನ್ 15ರಂದು ಅಣ್ವಸ್ತ್ರವಿರುವ ಎರಡು ದೇಶಗಳ ಯೋಧರು ಗುಂಡು ಹಾರಿಸದೆ ಕಲ್ಲು, ಮೊಳೆ ಬಡಿದ ದೊಣ್ಣೆ ಹಿಡಿದು ಹೊಡೆದಾಡಿದ್ದು ಯಾಕೆ? ನಮ್ಮ 20 ಯೋಧರು ಹುತಾತ್ಮರಾದರು, ಚೀನಾ ತನ್ನ ಕಡೆ 4 ಎಂದು ಒಪ್ಪಿಕೊಂಡಿತು. ಉತ್ತರದ ತುದಿ ಎರಡೂ ದೇಶಗಳ ನಡುವಿನ 1996ರ ಒಪ್ಪಂದದ 6ನೇ ವಿಧಿಯಲ್ಲಿದೆ: ವಾಸ್ತವ ನಿಯಂತ್ರಣ ರೇಖೆಯಿಂದ 2 ಕಿಲೋಮೀಟರ್ ಒಳಗೆ ಗುಂಡು ಹಾರಿಸುವಂತಿಲ್ಲ, ಸ್ಫೋಟಕ ಬಳಸುವಂತಿಲ್ಲ. ನಿಯಮಕ್ಕೆ ಬೆಲೆಯೇ ಇಲ್ಲ ಅನ್ನುವ ವಾಸ್ತವವಾದಿ ಆ ದೊಣ್ಣೆಗಳನ್ನು ವಿವರಿಸಲಾರ. ನಿಯಮ ಇದ್ದರೆ ಶಾಂತಿ ಅನ್ನುವ ಉದಾರವಾದಿ ಆ ಸಾವುಗಳನ್ನು ವಿವರಿಸಲಾರ. ವ್ಯಾಪಾರ ಯುದ್ಧ ತಡೆಯುತ್ತದೆ ಎಂಬ ಮಾತಿಗೂ ಇಲ್ಲಿ ಎರಡು ಮುಖ: ಘರ್ಷಣೆಯ ನಂತರ ಭಾರತ ಚೀನಾದ 59 ಆ್ಯಪ್‌ಗಳನ್ನು ನಿಷೇಧಿಸಿತು, ಆದರೂ 2021ರಲ್ಲಿ ಎರಡೂ ದೇಶಗಳ ವ್ಯಾಪಾರ 100 ಬಿಲಿಯನ್ ಡಾಲರ್ ದಾಟಿತು. ಇನ್ನು ಜಗಳದ ಬೇರು? ಆ ರೇಖೆಯನ್ನು ಇಬ್ಬರೂ ಒಪ್ಪಿ ಭೂಪಟದ ಮೇಲೆ ಗುರುತಿಸಿಯೇ ಇಲ್ಲ. ಹದ್ದುಬಸ್ತು ಆಗದ ಬದು. ಇವನು ರಸ್ತೆ ಮಾಡಿದರೆ ಅವನಿಗೆ ಭಯ, ಅವನು ಮಾಡಿದರೆ ಇವನಿಗೆ.

ವಾದಗಳನ್ನು ತೂಗಿ ನೋಡಲು ಇನ್ನೊಂದು ಜೋಡಿ ನೆನಪಿಟ್ಟುಕೊಳ್ಳಿ, ಎಲ್ಲ ಪ್ರಶ್ನೆಗೂ ಒದಗುತ್ತದೆ. ಸಮುದ್ರ ಕಾನೂನಿನ ಒಂದೇ ಒಡಂಬಡಿಕೆ, ಎರಡು ವ್ಯಾಜ್ಯ. 2014ರ ಜುಲೈನಲ್ಲಿ ಬಂಗಾಳ ಕೊಲ್ಲಿಯ ವಿವಾದದ 25,602 ಚದರ ಕಿಲೋಮೀಟರಿನಲ್ಲಿ 19,467 ಬಾಂಗ್ಲಾದೇಶಕ್ಕೆ ಹೋಯಿತು, ಭಾರತ ಒಪ್ಪಿಕೊಂಡಿತು. 2016ರ ಜುಲೈನಲ್ಲಿ ದಕ್ಷಿಣ ಚೀನಾ ಸಮುದ್ರದ ತೀರ್ಪು ಫಿಲಿಪ್ಪೀನ್ಸ್ ಪರ ಬಂತು, ಚೀನಾ ಅದನ್ನು ಕಾಗದದ ಚೂರು ಎಂದಿತು. ಎರಡೂ ಕಡೆ ಸೋತವನು ದೊಡ್ಡವನು. ಒಬ್ಬ ಒಪ್ಪಿದ, ಒಬ್ಬ ಒಪ್ಪಲಿಲ್ಲ. ‘ಬಾಂಗ್ಲಾದೇಶದ ಸ್ನೇಹ ಭಾರತಕ್ಕೆ ಬೇಕಿತ್ತು, ಹಾಗಾಗಿ ಒಪ್ಪಿದ್ದೂ ಹಿತಾಸಕ್ತಿಯೇ’ ಎಂದು ಬರೆಯುವ ಆಸೆ ಬರುತ್ತದೆ. ಬರೆಯಿರಿ, ಅಡ್ಡಿಯಿಲ್ಲ. ಆದರೆ ಕೂಡಲೇ ಸೇರಿಸಿ: ಹಾಗಾದರೆ ಫಿಲಿಪ್ಪೀನ್ಸಿನ ಸ್ನೇಹ ಚೀನಾಕ್ಕೆ ಯಾಕೆ ಬೇಡವಾಯಿತು? ಇದಕ್ಕೆ ಉತ್ತರಿಸಲು ಹೊರಟರೆ ಸಮುದ್ರದ ಆ ಭಾಗದಲ್ಲಿ ಅಮೆರಿಕದ ಇರುವಿಕೆ, ಆ ಸಮುದ್ರ ತನ್ನದೆಂದು ಚೀನಾ ಭೂಪಟದಲ್ಲಿ ಎಳೆದ ಒಂಬತ್ತು ಗೀಟಿನ ರೇಖೆಯನ್ನು ಅಲ್ಲಿ ಮಕ್ಕಳಿಗೂ ಕಲಿಸಿರುವುದು, ಒಳಗಿನ ರಾಜಕೀಯ ಎಲ್ಲವೂ ತಾವಾಗಿ ಬರುತ್ತವೆ.

ಬರೆಯುವ ಕಡೆಗೆ ಬರೋಣ. 15 ಅಂಕಕ್ಕೆ 250 ಪದ ಸಿಗುತ್ತದೆ. ಒಗಟಿಗೆ 30–40 ಪದ, ಇಸವಿ ಸಮೇತ. ಒಂದು ವಾದದ ನಿರೀಕ್ಷೆ ಮತ್ತು ಸಾಕ್ಷಿಗೆ 90. ಅದಕ್ಕೆ ಎದುರು ನಿಲ್ಲುವ ವಾದಕ್ಕೆ 70. ಮೊದಲ ವಾದ ಎಲ್ಲಿ ಕುಂಟಿತು ಎಂಬುದಕ್ಕೆ ಉಳಿದದ್ದು. ಮೂರೂ ವಾದಗಳನ್ನು ತುರುಕಲು ಹೋದರೆ ಮೂರೂ ವ್ಯಾಖ್ಯೆಯಲ್ಲೇ ಮುಗಿಯುತ್ತವೆ, ಎರಡು ಸಾಕು. ಮಾರ್ಗೆಂಥೋ ಹೇಳಿದರು, ನೈ ಹೇಳಿದರು ಎಂದು ಹೆಸರುಗಳ ಮಾಲೆ ಪೋಣಿಸಬೇಡಿ, ಹೆಸರು ಬಂದರೆ ಅದರ ಪಕ್ಕದಲ್ಲಿ ಒಂದು ಘಟನೆ ಇರಬೇಕು. ಸ್ತರಗಳನ್ನು ಕಲಸಬೇಡಿ: ನಾಯಕನ ಸ್ವಭಾವ, ದೇಶದ ಒಳಗಿನ ಒತ್ತಡ, ದೇಶಗಳ ನಡುವಿನ ಬಲದ ಹಂಚಿಕೆ ಮೂರೂ ಬೇರೆ ಬೇರೆ ಮಹಡಿಗಳು, ಒಂದೇ ವಾಕ್ಯದಲ್ಲಿ ಮೂರೂ ಮಹಡಿ ಹತ್ತಿ ಇಳಿಯಬಾರದು. ಕನ್ನಡದಲ್ಲಿ ಬರೆಯುವವರಿಗೆ ಒಂದು ಹೆಚ್ಚಿನ ತಾಪತ್ರಯ ಇದೆ, ‘ರಾಜ್ಯ’ ಅಂದರೆ ಕರ್ನಾಟಕವೂ ಹೌದು, ಭಾರತವೂ ಹೌದು. ಮೊದಲ ಸಾಲಿನಲ್ಲೇ ‘ಸಾರ್ವಭೌಮ ರಾಜ್ಯ’ ಅಥವಾ ಸುಮ್ಮನೆ ‘ದೇಶ’ ಎಂದು ಹಿಡಿದು ಕೊನೆಯವರೆಗೂ ಅದನ್ನೇ ಬಳಸಿ. ವಾಸ್ತವವಾದ ಎಂಬ ಹೆಸರಿಗೂ ಮೋಸ ಹೋಗಬೇಡಿ. ಉಳಿದವು ಅವಾಸ್ತವ ಎಂಬ ಅರ್ಥ ಅದಕ್ಕಿಲ್ಲ, ಆ ಪಂಥದವರು ತಮಗೆ ತಾವೇ ಇಟ್ಟುಕೊಂಡ ಹೆಸರು ಅದು.

ಖರೇ ಯಾವುದು ಎಂದು ಕೇಳಿದ್ದೀರಿ. ಗಡಿ, ಅಣ್ವಸ್ತ್ರ, ಸೈನಿಕ ಮೈತ್ರಿಯ ಪ್ರಶ್ನೆ ಬಂದರೆ ವಾಸ್ತವವಾದದಿಂದ ಶುರು ಮಾಡಿ, ಅಲ್ಲಿ ಅದರ ಕೈ ಮೇಲು. ನದಿ, ವ್ಯಾಪಾರ, ಸಮುದ್ರ ಕಾನೂನು, ಹವಾಮಾನ ಬಂದರೆ ಉದಾರವಾದದಿಂದ. ಬಲದ ಲೆಕ್ಕ ಸರಿಯಾಗಿದ್ದೂ ಇಸವಿ ಕೂಡುತ್ತಿಲ್ಲ, ಅಥವಾ ಭಯ ಎಣಿಕೆಗೆ ಸಿಗುತ್ತಿಲ್ಲ ಅನಿಸಿದಾಗ ರಚನಾವಾದವನ್ನು ಕರೆಯಿರಿ. ವಸಾಹತು ಕಾಲದಿಂದ ಬಂದ ಅಸಮಾನತೆಯನ್ನು ಈ ಮೂರೂ ಸರಿಯಾಗಿ ನೋಡುವುದಿಲ್ಲ. ಅದಕ್ಕೆ ಅವಲಂಬನಾ ಸಿದ್ಧಾಂತವನ್ನು ಬೇರೆಯಾಗಿ ಓದಬೇಕು, ಈ ಉತ್ತರದಲ್ಲಿ ಅದಕ್ಕೆ ಜಾಗವಿಲ್ಲ.

ಅಭ್ಯಾಸಕ್ಕೆ ಈ ವಾರ 1636ರ ಒಪ್ಪಂದವನ್ನೇ ತೆಗೆದುಕೊಳ್ಳಿ. ‘ವಿಜಯಪುರ ಮೊಗಲರ ವಿರುದ್ಧ ನಿಲ್ಲದೆ ಅವರ ಬೆನ್ನಿಗೆ ಬಿದ್ದದ್ದು ಯಾಕೆ?’ ಎಂದು ಮೇಲೆ ಬರೆದು, 250 ಪದ, ಒಂದು ಗಂಟೆ. ಹಿತಾಸಕ್ತಿ ಎಂಬ ಪದವನ್ನು ಒಮ್ಮೆಯೂ ಬಳಸಬೇಡಿ.